ಚಾರ್ಜಿಂಗ್ ವೋಲ್ಟೇಜ್ ಎಲ್ಲಿ ಸೋರುತ್ತದೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 1961ರಿಂದ ಅಲ್ಲಿ ತಯಾರಾದ ಜಾವಾ ಬೈಕುಗಳು, ಆಮೇಲಿನ ಯೆಜ್ಡಿಗಳು ಊರಿನ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿವೆ. ಹಳೆಯ ಜಾವಾವನ್ನು ಜೋಪಾನ ಮಾಡಿಕೊಂಡು ಬಂದವರನ್ನು ಮಾತಾಡಿಸಿ ನೋಡಿ. ಎಂಜಿನ್ ಬಗ್ಗೆ ದೂರಿಲ್ಲ, ಕಾಟವೇನಿದ್ದರೂ ಕರೆಂಟಿನದು ಅನ್ನುತ್ತಾರೆ: ಹೆಡ್‌ಲೈಟ್ ಮಂಕು, ಹಾರ್ನ್ ಗೊಗ್ಗರು, ಬ್ಯಾಟರಿ ಡೌನ್. ಈ ಕಾಟದ ಬುಡ ಅರ್ಥವಾದರೆ ಇವತ್ತಿನ ಕಾರಿನ ಆಲ್ಟರ್ನೇಟರೂ ಅರ್ಥವಾದಂತೆಯೇ.

ಆ ಜಾವಾದಲ್ಲಿದ್ದದ್ದು 6 ವೋಲ್ಟಿನ ಡಿ.ಸಿ. ಡೈನಮೋ. ಕ್ರ್ಯಾಂಕ್‌ಶಾಫ್ಟಿನ ತುದಿಗೇ ಕೂತ ಆರ್ಮೇಚರ್ ತಿರುಗುತ್ತದೆ, ಸುತ್ತ ಫೀಲ್ಡ್ ಕಾಯಿಲ್‌ಗಳಿರುತ್ತವೆ. ಎಂಜಿನ್ ವೇಗ ಏರಿದಷ್ಟೂ ವೋಲ್ಟೇಜ್ ಏರುತ್ತದೆ. ಲಗಾಮಿಲ್ಲದೆ ಬಿಟ್ಟರೆ ಬಲ್ಬು ಸುಟ್ಟುಹೋಗಿ ಬ್ಯಾಟರಿಯ ನೀರು ಬತ್ತುತ್ತದೆ. ಲಗಾಮು ಹಿಡಿಯುವುದು ರೆಗ್ಯುಲೇಟರ್, ಗ್ಯಾರೇಜಿನವರ ಬಾಯಲ್ಲಿ ಕಟ್‌ಔಟ್. ಅದರ ಮುಚ್ಚಳ ತೆಗೆದರೆ ಸ್ಪ್ರಿಂಗ್ ಎಳೆದು ಹಿಡಿದ ಪುಟ್ಟ ಪಾಯಿಂಟುಗಳು ಕಾಣುತ್ತವೆ. ವೋಲ್ಟೇಜ್ ಮಿತಿ ಮೀರಿದೊಡನೆ ಪಕ್ಕದ ಕಾಯಿಲ್ ಕಾಂತವಾಗಿ ಪಾಯಿಂಟನ್ನು ಸೆಳೆಯುತ್ತದೆ. ಫೀಲ್ಡಿಗೆ ಹೋಗುವ ಕರೆಂಟು ತಗ್ಗಿ ವೋಲ್ಟೇಜ್ ಇಳಿಯುತ್ತದೆ, ಸ್ಪ್ರಿಂಗ್ ಮತ್ತೆ ಪಾಯಿಂಟನ್ನು ಕೂಡಿಸುತ್ತದೆ. ಕಣ್ಣಿಗೆ ಕಾಣದಷ್ಟು ಬೇಗ ಇದು ನಡೆದೇ ಇರುತ್ತದೆ. ಇನ್ನೊಂದು ಪಾಯಿಂಟಿನ ಕೆಲಸ ಬೇರೆ. ಎಂಜಿನ್ ನಿಧಾನಕ್ಕೆ ಓಡುವಾಗ ಡೈನಮೋದ ವೋಲ್ಟೇಜ್ ಬ್ಯಾಟರಿಗಿಂತ ಕೆಳಗಿಳಿಯುತ್ತದಲ್ಲ, ಆಗ ಕರೆಂಟು ಹಿಂದಕ್ಕೆ ಹರಿಯದಂತೆ ಅದು ಸಂಪರ್ಕ ಕಡಿಯುತ್ತದೆ.

ಕಾರಿನ ಆಲ್ಟರ್ನೇಟರಿನಲ್ಲಿ ಜಾಗ ಅದಲುಬದಲು. ತಿರುಗುವುದು ಫೀಲ್ಡು, ಕರೆಂಟು ಹುಟ್ಟುವುದು ಸುತ್ತಲಿನ ಸ್ಥಿರ ಕಾಯಿಲಿನಲ್ಲಿ. ಮೂರು ಫೇಸಿನ ಎ.ಸಿ.ಯನ್ನು ಆರು ಡಯೋಡುಗಳು ಡಿ.ಸಿ. ಮಾಡುತ್ತವೆ. ಹಿಂಹರಿವನ್ನು ತಡೆಯುವವೂ ಅವೇ. ಪುಲ್ಲಿಯ ಅಳತೆಯಿಂದಾಗಿ ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡು ಮೂರು ಪಟ್ಟು ವೇಗವಾಗಿ ತಿರುಗುವುದರಿಂದ ಸಿಗ್ನಲ್ಲಿನಲ್ಲಿ ನಿಂತಾಗಲೂ ಚಾರ್ಜಿಂಗ್ ಬರುತ್ತದೆ. ಪಾಯಿಂಟುಗಳ ಕೆಲಸವನ್ನು ಟ್ರಾನ್ಸಿಸ್ಟರು ವಹಿಸಿಕೊಂಡಿದೆ. ಆದರೆ ಉಪಾಯ ಹಳೆಯದೇ: ವೇಗ ಎಷ್ಟೇ ಇರಲಿ, ಕಾಂತದ ಬಲವನ್ನು ಏರಿಳಿಸಿ ವೋಲ್ಟೇಜನ್ನು ಹಿಡಿತದಲ್ಲಿಡುವುದು.

ಎಷ್ಟು ವೋಲ್ಟೇಜ್ ಬೇಕು? ನಿಂತ ಕಾರಿನಲ್ಲಿ ತುಂಬಿದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದಕ್ಕೆ ಚಾರ್ಜ್ ತುಂಬಲು 13.8ರಿಂದ 14.4 ಬೇಕು. ಸದಾ ಕಡಿಮೆಯಾದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ಸಾಯುತ್ತದೆ. ಹಾಗಂತ ಏರಿಸುತ್ತಾ ಹೋಗುವಂತಿಲ್ಲ. ಒಂದೊಂದು ಸೆಲ್ಲು 2.4 ವೋಲ್ಟಿನ ಆಸುಪಾಸು ಮುಟ್ಟಿದರೆ ನೀರು ಒಡೆದು ಗ್ಯಾಸ್ ಆಗತೊಡಗುತ್ತದೆ, ಬಿಸಿ ಹೆಚ್ಚಿದಷ್ಟೂ ಈ ಗಡಿ ಕೆಳಗಿಳಿಯುತ್ತದೆ. ಅದಕ್ಕೇ ಒಳ್ಳೆಯ ರೆಗ್ಯುಲೇಟರ್ ತಾನು ಬಿಸಿಯಾದಂತೆ ವೋಲ್ಟೇಜನ್ನು ತುಸು ತಗ್ಗಿಸುತ್ತದೆ. ಏಪ್ರಿಲ್ ಬಿಸಿಲಲ್ಲಿ ನಂಜನಗೂಡು ರಸ್ತೆಯಲ್ಲಿ ಓಡಿಬಂದ ಕಾರಿನಲ್ಲಿ 13.8 ಕಂಡರೆ ಗಾಬರಿ ಬೇಡ. ಅದು ಕಡಿಮೆಯೆನಿಸಿ, ರೆಗ್ಯುಲೇಟರಿಗೆ ವೋಲ್ಟೇಜ್ ತಿಳಿಸುವ ಸೆನ್ಸ್ ವೈರಿಗೆ ಒಂದು ಡಯೋಡು ಸಿಕ್ಕಿಸಿ ಅರ್ಧ ಮುಕ್ಕಾಲು ವೋಲ್ಟ್ ಏರಿಸಿಕೊಳ್ಳುವವರಿದ್ದಾರೆ. ನನಗೆ ಅದು ಕೊಂಚವೂ ಒಪ್ಪಿಗೆಯಿಲ್ಲ. ರೋಗ ಎಲ್ಲಿದೆ ಎಂದು ನೋಡದೆ ಕೊಟ್ಟ ಮದ್ದು ಅದು.

ರೋಗ ಬಹಳ ಸಲ ಇರುವುದು ದಾರಿಯಲ್ಲಿ. ಆಲ್ಟರ್ನೇಟರಿನ ಬಾಯಲ್ಲಿ 14.3 ಇದ್ದು ಬ್ಯಾಟರಿಯಲ್ಲಿ 13.5 ಮಾತ್ರ ಸಿಕ್ಕರೆ 0.8 ವೋಲ್ಟ್ ನಡುವೆ ಸೋರಿದೆ. 20 ಆಂಪಿಯರ್ ಹರಿಯುತ್ತಿದ್ದರೆ ಅಷ್ಟಕ್ಕೆ ಕಾರಣವಾದ ರೋಧ ಬರೀ 0.04 ಓಮ್. ಟರ್ಮಿನಲ್ಲಿನ ಬಿಳಿ ಹಸಿರು ಬೂಷ್ಟು, ಸಡಿಲ ನಟ್ಟು, ತುಕ್ಕು ಹಿಡಿದ ಅರ್ತ್ ಪಟ್ಟಿ ಸಾಕು. ಜಾವಾದ ಕಾಟಕ್ಕೂ ಇಲ್ಲೇ ಉತ್ತರವಿದೆ. 36 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 6 ಬೇಕು. ದಾರಿಯಲ್ಲಿ 0.1 ಓಮ್ ರೋಧವಿದ್ದರೆ ಮೊದಲನೆಯದರಲ್ಲಿ ನೂರಕ್ಕೆ ಎರಡೂವರೆಯಷ್ಟು ವೋಲ್ಟೇಜ್ ಕಳೆದುಹೋದರೆ ಎರಡನೆಯದರಲ್ಲಿ ಹತ್ತರಷ್ಟು ಕಳೆದುಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದೂ ಇದೇ ಲೆಕ್ಕದ ಮೇಲೆ.

ಸೋರಿಕೆ ಹಿಡಿಯಲು ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ವೇಗ 2000 ಆರ್‌ಪಿಎಂ ಹತ್ತಿರ ಇರಲಿ, ಹೆಡ್‌ಲೈಟು, ಫ್ಯಾನು ಆನ್ ಆಗಿರಲಿ. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಕಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. 0.2, 0.3ರೊಳಗೆ ಬಂದರೆ ಪರವಾಗಿಲ್ಲ. ಆಮೇಲೆ ಬ್ಯಾಟರಿಯ ಮೈನಸ್‌ನಿಂದ ಆಲ್ಟರ್ನೇಟರಿನ ಮೈಗೆ ಹಿಡಿಯಿರಿ, ಅಲ್ಲಿ 0.2 ದಾಟಬಾರದು. ಬಹಳ ಜನ ಈ ಎರಡನೆಯ ಅಳತೆ ಮಾಡುವುದೇ ಇಲ್ಲ, ಅರ್ತ್ ಪಟ್ಟಿಯ ತಪ್ಪಿಗೆ ಒಳ್ಳೆಯ ಆಲ್ಟರ್ನೇಟರ್ ಬದಲಾಗುತ್ತದೆ. ಸೋರಿಕೆ ಸಿಕ್ಕರೆ ಎಂಜಿನ್ ಆಫ್ ಮಾಡಿ, ಮೊದಲು ಮೈನಸ್ ಬಿಚ್ಚಿ, ತುದಿಗಳನ್ನು ಹೊಳೆಯುವ ಹಾಗೆ ಉಜ್ಜಿ, ಬಿಗಿಮಾಡಿ ಮೇಲೆ ವ್ಯಾಸಲೀನ್ ಸವರಿ. ವೈರೇ ಸಣ್ಣದೆನಿಸಿದರೆ ದಪ್ಪದ್ದು ಹಾಕಿಸಿ.

ಚಾರ್ಜಿಂಗ್ ನೋಡಲೆಂದು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎಳೆಯುವ ಅಭ್ಯಾಸ ಕೆಲವರಿಗೆ ಇನ್ನೂ ಹೋಗಿಲ್ಲ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಏರಿಳಿತ ನುಂಗುವ ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಎಷ್ಟೋ ಪಟ್ಟು ಚಿಮ್ಮಿ ಡಯೋಡು, ಕಾರಿನ ಕಂಪ್ಯೂಟರಾದ ಇಸಿಯು ಎರಡನ್ನೂ ಸುಡಬಲ್ಲದು.

ಆಲ್ಟರ್ನೇಟರಿನ ಬಾಯಲ್ಲೇ 13.5 ದಾಟದಿದ್ದರೆ ಮಾತ್ರ ಅದರ ಮೇಲೆ ಅನುಮಾನಪಡಿ. ಆಗಲೂ ಮೊದಲು ಬೆಲ್ಟ್ ಸಡಿಲವೇ ನೋಡಿ, ಆಮೇಲೆ ಸವೆದ ಕಾರ್ಬನ್ ಬ್ರಷ್. ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಬೇಕೆಂದು ವೋಲ್ಟೇಜ್ ಇಳಿಸುವುದುಂಟು, ಹಾಗಾಗಿ ಆ ಮಾದರಿಯ ಲೆಕ್ಕ ತಿಳಿದವರನ್ನು ಕೇಳುವುದು ಒಳ್ಳೆಯದು. ಹಗಲು ಸರಿಯಿದ್ದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತಿದ್ದರೆ ಡಯೋಡನ್ನೂ ಪರೀಕ್ಷಿಸಿ. ಕೆಟ್ಟ ಡಯೋಡಿನ ಮೂಲಕ ಕರೆಂಟು ರಾತ್ರಿಯಿಡೀ ಹಿಂದಕ್ಕೆ ಹರಿಯುತ್ತಿರಬಹುದು.