90 ಕಿಲೋಮೀಟರ್ ಮೇಲಿನ ಗಾಳಿಗೆ ಉಷ್ಣಮಾಪಕ



ಜ್ವರ ಬಂದಾಗ ಉಷ್ಣಮಾಪಕವನ್ನು ಬಾಯಲ್ಲಿಟ್ಟು ಮೈಯ ತಾಪ ನೋಡುತ್ತೇವೆ. ನೆಲದಿಂದ 90 ಕಿ.ಮೀ. ಎತ್ತರದಲ್ಲಿರುವ ಗಾಳಿಯ ತಾಪ ತಿಳಿಯಬೇಕಾದರೆ ಏನು ಮಾಡುವುದು? ಹವಾಮಾನ ಬಲೂನು ಸುಮಾರು 35 ಕಿ.ಮೀ. ಏರುವಷ್ಟರಲ್ಲಿ ಒಡೆದುಹೋಗುತ್ತದೆ. ಉಪಗ್ರಹ ಅಷ್ಟು ಕೆಳಗಿಳಿದರೆ ಉರಿದುಹೋಗುತ್ತದೆ. ರಾಕೆಟ್ಟು ಅಲ್ಲಿರುವುದು ಕೆಲವೇ ನಿಮಿಷ. ಈ ತೊಡಕಿಗೆ ಪರಿಹಾರ ಲೈಡಾರ್. ರೇಡಾರ್ ರೇಡಿಯೋ ಅಲೆಗಳಿಂದ ಮಾಡುವ ಕೆಲಸವನ್ನು ಇದು ಲೇಸರ್ ಬೆಳಕಿನಿಂದ ಮಾಡುತ್ತದೆ.

ಇಲ್ಲಿ ಪ್ರಕೃತಿಯೇ ನಮಗೆ ನೆರವಾಗಿದೆ. ಉಲ್ಕೆಗಳು ಉರಿದು ಆವಿಯಾದಾಗ ಅವುಗಳಲ್ಲಿದ್ದ ಸೋಡಿಯಂ, ಸುಮಾರು 80ರಿಂದ 105 ಕಿ.ಮೀ. ಎತ್ತರದಲ್ಲಿ ತೆಳುವಾದ ಪದರವಾಗಿ ಉಳಿಯುತ್ತದೆ. ಹಳದಿ ಬೆಳಕು ಬೀರುವ ಸೋಡಿಯಂ ದೀಪವನ್ನು ನೀವು ನೋಡಿರಬಹುದು. ಅದೇ ಹಳದಿಯ, 589 ನ್ಯಾನೋಮೀಟರ್ ತರಂಗದೂರದ ಲೇಸರ್ ಸ್ಪಂದವನ್ನು ಮೇಲಕ್ಕೆ ಹಾಯಿಸಿದರೆ ಸೋಡಿಯಂ ಪರಮಾಣುಗಳು ಅದನ್ನು ಹೀರಿ ಮತ್ತೆ ಹೊರಸೂಸುತ್ತವೆ. ಅದರ ಅತ್ಯಲ್ಪ ಪಾಲು ನೆಲದ ಮೇಲಿನ ದೂರದರ್ಶಕವನ್ನು ಸೇರುತ್ತದೆ. ಹೋಗಿಬರಲು ಹಿಡಿದ ಕಾಲದಿಂದ ಎತ್ತರ ತಿಳಿಯುತ್ತದೆ. 90 ಕಿ.ಮೀ.ಗೆ ಎಷ್ಟು ಕಾಲ ಬೇಕು? ಸೆಕೆಂಡಿನ 10,000 ಪಾಲುಗಳಲ್ಲಿ 6 ಮಾತ್ರ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ.

ತಾಪವನ್ನೂ ಗಾಳಿಯನ್ನೂ ತಿಳಿಸುವುದು ಡಾಪ್ಲರ್ ಪರಿಣಾಮ. ರೈಲು ಹತ್ತಿರ ಬರುವಾಗ ಅದರ ಸಿಳ್ಳು ಏರುದನಿಯಲ್ಲಿ, ದೂರ ಸರಿಯುವಾಗ ಇಳಿದನಿಯಲ್ಲಿ ಕೇಳುತ್ತದಲ್ಲವೇ? ಚಲಿಸುವ ಪರಮಾಣುವಿಗೂ ಲೇಸರ್ ಬೆಳಕಿನ ಆವೃತ್ತಿ ಹೀಗೆಯೇ ತುಸು ಬದಲಾಗಿ ಕಾಣುತ್ತದೆ. ತಾಪ ಹೆಚ್ಚಿದಂತೆ ಪರಮಾಣುಗಳು ದಿಕ್ಕುದಿಕ್ಕಿಗೆ ರಭಸದಿಂದ ಓಡಾಡುತ್ತವೆ. ಅವು ಹೀರುವ ಆವೃತ್ತಿಗಳ ಪಟ್ಟಿ ಅಗಲವಾಗುತ್ತದೆ. ಈ ಅಗಲವೇ ನಮ್ಮ ಉಷ್ಣಮಾಪಕ. ಗಾಳಿ ಬೀಸಿದರೆ ಇಡೀ ಪಟ್ಟಿಯೇ ಪಕ್ಕಕ್ಕೆ ಸರಿಯುತ್ತದೆ. ಲೇಸರನ್ನು ಪಟ್ಟಿಯ ನಡುವಿಗೂ ಎರಡು ಬದಿಗಳಿಗೂ ಸರದಿಯಂತೆ ಹೊಂದಿಸಿ, ಮರಳಿದ ಬೆಳಕನ್ನು ಹೋಲಿಸಿ ಎರಡನ್ನೂ ಲೆಕ್ಕ ಹಾಕುತ್ತಾರೆ. ಸೆಕೆಂಡಿಗೆ 50 ಮೀಟರ್ ವೇಗದ ಗಾಳಿಯಿಂದಲೂ ಆಗುವ ಬದಲಾವಣೆ 60 ಲಕ್ಷದಲ್ಲಿ ಒಂದು ಪಾಲು! ಲೇಸರಿನ ಬಣ್ಣ ಎಷ್ಟು ಶುದ್ಧವಾಗಿರಬೇಕೆಂದು ಊಹಿಸಿ.

ನಮ್ಮ ದೇಶದಲ್ಲಿ, ತಿರುಪತಿಯ ಸಮೀಪದ ಗಾದಂಕಿಯಲ್ಲಿ 1998ರಲ್ಲಿ ಲೈಡಾರ್ ವೀಕ್ಷಣೆ ಆರಂಭವಾಯಿತು. ಅಲ್ಲಿ ಹಸಿರು ಲೇಸರ್ ಬೆಳಕನ್ನು ಗಾಳಿಯ ಅಣುಗಳೇ ಚದುರಿಸುವುದನ್ನು ಅಳೆದು, ಸಾಂದ್ರತೆಯ ಮೂಲಕ ಸುಮಾರು 30ರಿಂದ 80 ಕಿ.ಮೀ.ವರೆಗಿನ ತಾಪವನ್ನು ಕಂಡುಹಿಡಿದರು.

ಇಷ್ಟೆಲ್ಲ ಶ್ರಮ ಏಕೆ? ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ನೆಲದ ಬಳಿಯ ಗಾಳಿ ಬಿಸಿಯಾಗುತ್ತದೆ. ಆದರೆ ಮೇಲಿನ ವಿರಳವಾದ ಗಾಳಿಯಲ್ಲಿ ಅದೇ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಸೂಸಿ ತಂಪು ಮಾಡುತ್ತದೆ. ಈ ನಿಧಾನದ ಬದಲಾವಣೆಯನ್ನು ಗುರುತಿಸಲು ಒಂದೆರಡು ರಾತ್ರಿಗಳ ಅಳತೆ ಸಾಲದು, ಹಲವು ವರ್ಷಗಳದು ಬೇಕು. ಮೋಡ ಕವಿದ ರಾತ್ರಿ ಲೈಡಾರ್ ಕುರುಡು. ಆದ್ದರಿಂದ ತಿಳಿಯಾದ ಪ್ರತಿ ರಾತ್ರಿಯೂ ಅಮೂಲ್ಯ.

ಮುಂದೆ ಎಂದಾದರೂ ಉಲ್ಕೆ ಬೀಳುವುದನ್ನು ಕಂಡಾಗ ನೆನಪಿಸಿಕೊಳ್ಳಿ: ಅದು ಬಿಟ್ಟುಹೋದ ಚಿಟಿಕೆ ಸೋಡಿಯಂ, ಬಾನಿನ ಮೈಕಾವು ನೋಡಲು ನಮಗೆ ಒದಗಿಬರುತ್ತದೆ.