ಗೋಕರ್ಣದ ಕಡಲದಂಡೆಗಳು: ಹೊಳೆಸಾಲಿನವರು ಅರಿತಿರಬೇಕಾದ ಮಾತು

ಕಮತಗಿಯಂಥ ಹೊಳೆಸಾಲಿನ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಮಲಪ್ರಭೆ. ಸಹ್ಯಾದ್ರಿಯ ಮೇಲಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ಪಡುವಣ ಕಡಲು ಬಹು ಸಮೀಪದ್ದು. ಆದರೂ ಅವಳು ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು, ನಮ್ಮ ದಂಡೆಯನ್ನು ತೊಳೆದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು, ಕಟ್ಟಕಡೆಗೆ ಆಂಧ್ರದ ಕಡಲನ್ನು ಸೇರುವಳು. ನಮ್ಮ ಹೊಳೆಯು ಹೀಗೆ ಬಿಟ್ಟುಬಂದ ಪಡುವಣ ಕಡಲನ್ನು ಕಾಣಬೇಕಾದರೆ ನಾವೇ ಘಟ್ಟವಿಳಿದು ಹೋಗಬೇಕು.

ಹಾಗೆ ಹೋಗುವ ರೂಢಿ ನಮ್ಮಲ್ಲಿ ಹೊಸದಲ್ಲ. ಹಿಂದಿನವರು ಪಿತೃಕಾರ್ಯಕ್ಕೆಂದೂ ಮಹಾಬಲೇಶ್ವರನ ದರ್ಶನಕ್ಕೆಂದೂ ಗೋಕರ್ಣಕ್ಕೆ ಹೋಗುತ್ತಿದ್ದರು. ಈಗ ಸೂಟಿಯ ದಿನಗಳು ಬಂದವೆಂದರೆ ಮಕ್ಕಳು ಮರಿಗಳನ್ನು ಕಟ್ಟಿಕೊಂಡು, ಕಟಕು ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿಯೊಡನೆ ಮನೆಮಂದಿಯೆಲ್ಲ ಹೊರಡುವದುಂಟು. ಆದರೆ ನಮ್ಮವರಲ್ಲಿ ಬಹುಜನರು ಕಡಲೆಂದರೆ ಒಂದೇ, ದಂಡೆಯೆಂದರೆ ಒಂದೇ ಎಂದು ಭಾವಿಸಿ, ದೇವರ ದರ್ಶನ ಮಾಡಿ, ಸಮೀಪದ ಮರಳಿನಲ್ಲಿ ಕಾಲು ತೋಯಿಸಿಕೊಂಡು ಮರಳುವರು. ಗೋಕರ್ಣದ ಸುತ್ತಲಿನ ಕೆಲವೇ ಕಿಲೋಮೀಟರುಗಳಲ್ಲಿ ಐದು ಬೇರೆ ಬೇರೆ ದಂಡೆಗಳಿವೆ. ಒಂದರ ಗುಣ ಮತ್ತೊಂದಕ್ಕಿಲ್ಲ. ಈ ಭೇದವನ್ನು ತಿಳಿಯುವದರಲ್ಲಿ ಕಣ್ಣಿಗೆ ಸಂತೋಷವಿದೆ. ಅಷ್ಟೇ ಅಲ್ಲ, ಪ್ರಾಣರಕ್ಷಣೆಯೂ ಅದರಲ್ಲಿ ಅಡಗಿದೆ. ಆದುದರಿಂದ ಈ ಎರಡನ್ನೂ ಕೂಡಿಸಿಯೇ ನಮ್ಮ ವಾಚಕರ ಮುಂದಿಡುವೆವು.

ಹುಬ್ಬಳ್ಳಿಯಿಂದ ಯಲ್ಲಾಪುರದ ಕಾಡನ್ನು ಹಾಯ್ದು, ಅರಬೈಲ ಘಟ್ಟವನ್ನಿಳಿದು ಅಂಕೋಲೆಯನ್ನು ಮುಟ್ಟಿದರೆ, ಅಲ್ಲಿಂದ ತೆಂಕಣಕ್ಕೆ ಗೋಕರ್ಣವು ದೂರವಿಲ್ಲ. ದಾರಿಯಲ್ಲಿ ಗಂಗಾವಳಿ ಹೊಳೆಯನ್ನು ದಾಟಬೇಕಾಗುವದು. ಈ ಗಂಗಾವಳಿಗೆ ಬೇಡ್ತಿಯೆಂದೂ ಹೆಸರು. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರು ಇದೇ ಹೊಳೆಯಲ್ಲಿ ಕೂಡಿ, ಮಾಗೋಡಿನಲ್ಲಿ ಧುಮುಕಿ ಇಲ್ಲಿಗೆ ಬರುವದು. ಬಯಲುಸೀಮೆಯ ಅಂಚಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ನಮ್ಮೂರಿನ ಮುಂದೆ ಹರಿದು ಮೂಡಣಕ್ಕೂ, ಇನ್ನೊಂದು ಪಾಲು ಗೋಕರ್ಣದ ಬಡಗಣ ಮಗ್ಗುಲಲ್ಲಿ ಪಡುವಣಕ್ಕೂ ಹೋಗುವದನ್ನು ನೆನೆದರೆ ಈ ಸೀಮೆ ನಮಗೆ ಪರಕೀಯವೆನಿಸದು. ಗೋಕರ್ಣದ ತೆಂಕಣಕ್ಕೆ ಅಘನಾಶಿನಿಯು ತದಡಿಯ ಬಳಿ ಕಡಲನ್ನು ಸೇರುವಳು. ಈ ಎರಡು ಹೊಳೆಗಳ ನಡುವಿನ ಗುಡ್ಡದ ಸಾಲೂ ಮರಳೂ ಸೇರಿದುದೇ ಗೋಕರ್ಣ ಕ್ಷೇತ್ರ.

ಕ್ಷೇತ್ರದ ಹಳಮೆಯನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಕಾಳಿದಾಸನು ತನ್ನ ರಘುವಂಶದಲ್ಲಿ ಕಡಲತಡಿಯ ಗೋಕರ್ಣದ ಶಿವನನ್ನು ನೆನೆದಿದ್ದಾನೆ. ರಾವಣನ ಕೈಯಿಂದ ಆತ್ಮಲಿಂಗವನ್ನು ಗಣಪತಿಯು ನೆಲಕ್ಕಿಡಿಸಿದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳದ ಮನೆಯಿಲ್ಲ. ಆ ಕಥೆಯ ಮೇರೆಗೆ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಮತ್ತು ಕಾರವಾರದ ಕಡೆಯ ಸಜ್ಜೇಶ್ವರ ಇವು ಪಂಚಕ್ಷೇತ್ರಗಳು. ಐದೂ ಕರಾವಳಿಯ ಸೀಮೆಯಲ್ಲಿಯೇ ಇರುವದರಿಂದ, ಯಾತ್ರೆಯ ನೆವದಿಂದ ಕಡಲಿನ ದಂಡೆಯನ್ನು ಉದ್ದಕ್ಕೂ ನೋಡುವ ಏರ್ಪಾಡನ್ನು ಹಿರಿಯರೇ ಮಾಡಿಟ್ಟಂತಾಗಿದೆ.

ಮೊದಲನೆಯದು ಊರಿನದೇ ದಂಡೆ. ಗುಡಿಯಿಂದ ಪಡುವಣಕ್ಕೆ ನಾಲ್ಕು ಹೆಜ್ಜೆ ನಡೆದರೆ ಮರಳು ತೆರೆದುಕೊಳ್ಳುವದು. ಯಾತ್ರಿಕರು ಸಮುದ್ರಸ್ನಾನ ಮಾಡುವದೂ ಇಲ್ಲಿಯೇ. ಇದು ಬಡಗಣಕ್ಕೆ ಬಹುದೂರ ನೆಟ್ಟಗೆ ಹಬ್ಬಿದ ಬಯಲು ದಂಡೆ; ಗಾಳಿಗೂ ತೆರೆಗೂ ಅಡ್ಡವಿಲ್ಲ. ಮುಂಜಾವಿನಲ್ಲಿ ಮೀನುಗಾರರ ದೋಣಿಗಳು, ಸಂಜೆಯಲ್ಲಿ ಯಾತ್ರಿಕರ ಜಂಗುಳಿ. ಸೂರ್ಯನು ನೀರಿನೊಳಗೆ ಇಳಿಯುವ ನೋಟವನ್ನು ಬಯಲುಸೀಮೆಯ ಮಕ್ಕಳು ಮೊದಲ ಸಲ ಕಂಡಾಗ ಮಾತು ಮರೆತು ನಿಲ್ಲುವರು.

ಇಲ್ಲಿಂದ ತೆಂಕಣಕ್ಕೆ ಗುಡ್ಡವೇರಿ, ರಾಮತೀರ್ಥದ ಸಿಹಿನೀರಿನ ಒರತೆಯ ಮಗ್ಗುಲಿಂದ ಸಾಗಿ, ಸುಮಾರು ಅರ್ಧ ತಾಸು ನಡೆದು ಇಳಿದರೆ ಕುಡ್ಲೆ. ಇದು ಎರಡು ಗುಡ್ಡಗಳ ತೋಳುಗಳ ನಡುವೆ ಮಡಿಲಿನಂತಿರುವ ದಂಡೆ. ಎರಡೂ ತುದಿಗಳು ಒಮ್ಮೆಗೇ ಕಣ್ಣಿಗೆ ಬೀಳುವವು. ಇನ್ನೊಂದು ಗುಡ್ಡವನ್ನು ದಾಟಿದರೆ ಓಂ ದಂಡೆ. ಕಪ್ಪು ಬಂಡೆಗಳ ಮೂಗೊಂದು ನಡುವೆ ಕಡಲಿಗೆ ಚಾಚಿಕೊಂಡು, ಎರಡು ಬಾಗಿದ ಮರಳಸಾಲುಗಳು ಅದರ ಎಡಬಲಕ್ಕೆ ಕೂಡಿರುವದರಿಂದ, ಮೇಲಿನಿಂದ ನೋಡುವವರಿಗೆ ಓಂಕಾರದ ಆಕೃತಿಯೇ ಕಾಣುವದು. ಹೆಸರಿಗೆ ಅದೇ ಕಾರಣ. ಇಲ್ಲಿಯವರೆಗೆ ಮೋಟಾರಿನ ದಾರಿಯೂ ಇರುವದರಿಂದ ಮುದುಕರನ್ನು ಕರೆದೊಯ್ಯುವದು ಸುಲಭ.

ಓಂ ದಂಡೆಯಾಚೆ ಕಾಲುದಾರಿಯೇ ಗತಿ, ಇಲ್ಲವೇ ದೋಣಿ. ಗುಡ್ಡದ ಅಂಚನ್ನು ಹಿಡಿದು ನಡೆದರೆ ಅರ್ಧಚಂದ್ರಾಕೃತಿಯ ಕಿರುದಂಡೆಯೊಂದು ಸಿಕ್ಕುವದು. ಇದನ್ನು ಹಾಫ್ ಮೂನ್ ಎನ್ನುವರು. ಅದರಾಚೆಯದು ಪ್ಯಾರಡೈಸ್, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹಿಡಿಯಷ್ಟು ಮರಳು. ಪರದೇಶದ ಪ್ರವಾಸಿಗರು ಈ ಕಡೆಗೆ ಬರತೊಡಗಿದ ಮೇಲೆ ಈ ಇಂಗ್ಲಿಷ್ ಹೆಸರುಗಳು ಬಳಕೆಯಾದವು. ನಡೆಯಬಲ್ಲವರು ಮುಂಜಾನೆಯ ತಂಪಿನಲ್ಲಿಯೇ ಹೊರಡಬೇಕು; ಕುಡಿಯುವ ನೀರನ್ನು ಜತೆಗೆ ಒಯ್ಯಬೇಕು; ಕತ್ತಲಾಗುವ ಮುನ್ನವೇ ಹಿಂತಿರುಗಬೇಕು.

ಇಷ್ಟು ಸಮೀಪದಲ್ಲಿದ್ದೂ ಇವು ಹೀಗೇಕೆ ಬೇರೆ ಬೇರೆಯಾದವು? ಇಲ್ಲಿ ಸಹ್ಯಾದ್ರಿಯ ತಪ್ಪಲಿನ ಗುಡ್ಡಗಳು ಕಡಲಿನವರೆಗೂ ಬಂದಿವೆ. ತೆರೆಗಳ ಬಲವೆಲ್ಲ ಮುಂದಕ್ಕೆ ಚಾಚಿದ ಬಂಡೆಗಳ ಮೇಲೆ ಮುರಿಯುವದು. ನಡುವಿನ ಕೊಲ್ಲಿಗಳಲ್ಲಿ ನೀರಿನ ಬಿರುಸು ತಗ್ಗಿ, ಮರಳು ಕೆಳಗೆ ನಿಲ್ಲುವದು. ಗುಡ್ಡಗಳ ಅಂತರ ಹೆಚ್ಚಾದಲ್ಲಿ ದಂಡೆ ಉದ್ದ, ಕಡಿಮೆಯಾದಲ್ಲಿ ಕಿರಿದು. ಇದಲ್ಲದೆ ಒಂದೇ ದಂಡೆಯೂ ವರುಷವಿಡೀ ಒಂದೇ ಆಗಿರುವದಿಲ್ಲ. ಜೂನದಿಂದ ಸಪ್ಟೆಂಬರವರೆಗಿನ ಮಳೆಗಾಲದಲ್ಲಿ ದೊಡ್ಡ ತೆರೆಗಳು ಮರಳನ್ನು ಕೆರೆದು ನೀರಿನೊಳಗೆ ಒಯ್ದು ದಿನ್ನೆಗಳಾಗಿ ಇಡುವವು. ಮಳೆ ನಿಂತ ಮೇಲೆ ಸೌಮ್ಯವಾದ ತೆರೆಗಳು ಅದನ್ನೇ ಮೆಲ್ಲಮೆಲ್ಲನೆ ದಂಡೆಗೆ ಮರಳಿ ತರುವವು. ಆದುದರಿಂದ ಹೋದ ವರುಷ ಮೊಳಕಾಲುದ್ದ ನೀರಿದ್ದ ಜಾಗದಲ್ಲಿ ಈ ವರುಷವೂ ಅಷ್ಟೇ ಇರುವದೆಂದು ನಂಬಲಾಗದು.

ಗೃಹಿಣಿಯರು ನೋಡತಕ್ಕ ಇನ್ನೊಂದು ಸ್ಥಳವೆಂದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಉಬ್ಬರದ ಹೊತ್ತಿಗೆ ಒಳನುಗ್ಗುವ ಉಪ್ಪುನೀರನ್ನು ಮಡಿಗಳಲ್ಲಿ ಕಟ್ಟಿಹಾಕಿ ಬಿಸಿಲಿಗೆ ಬತ್ತಿಸುವರು. ನೀರು ಆರುತ್ತ ಬಂದಂತೆ ಹರಳು ಕೂಡುವದು. ಅದನ್ನು ಬಾಚಿ ರಾಶಿ ಹಾಕುವರು. ಅಡಿಗೆಮನೆಯ ಗಡಿಗೆಯಲ್ಲಿರುವ ಉಪ್ಪು ಎಷ್ಟು ಬಿಸಿಲನ್ನೂ ಎಷ್ಟು ಬೆವರನ್ನೂ ಉಂಡು ಬಂದಿದೆಯೆಂಬುದು ಮಕ್ಕಳಿಗೆ ಇಲ್ಲಿ ಕಣ್ಣಾರೆ ತಿಳಿಯುವದು. ಗಂಗಾವಳಿಯಾಚೆಯ ಅಂಕೋಲೆಯಲ್ಲಿ 1930ರಲ್ಲಿ ಕನ್ನಡಿಗರು ಉಪ್ಪಿನ ಸತ್ಯಾಗ್ರಹವನ್ನು ಮಾಡಿದರೆಂಬುದನ್ನೂ ಅವರಿಗೆ ಆಗಲೇ ಹೇಳಬೇಕು.

ಹೆಚ್ಚು ದಿನಗಳ ಬಿಡುವಿದ್ದವರು ಬಡಗಣಕ್ಕೆ ಕಾರವಾರವನ್ನೂ ತೆಂಕಣಕ್ಕೆ ಹೊನ್ನಾವರ, ಮುರುಡೇಶ್ವರಗಳನ್ನೂ ನೋಡಬಹುದು. ಕಾಳಿಯ ಮುಖದಲ್ಲಿರುವ ಕಾರವಾರದ ದಂಡೆಗೆ ಈಗ ರವೀಂದ್ರನಾಥ ಠಾಕೂರರ ಹೆಸರಿದೆ. ಅಣ್ಣನಾದ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ಕವಿಯು ಬಂದು ತಂಗಿ ಒಂದು ನಾಟಕವನ್ನೇ ಬರೆದನು. ಹೊನ್ನಾವರದ ಬಳಿಯ ಕಾಸರಕೋಡಿನ ದಂಡೆಗೆ 2020ರಲ್ಲಿ ಸ್ವಚ್ಛತೆಗಾಗಿಯೂ ಸುರಕ್ಷತೆಗಾಗಿಯೂ ಕೊಡುವ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಆ ಕರೆಯ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವವು.

ಇನ್ನು ನಾವು ಮುಖ್ಯವೆಂದೆಣಿಸಿದ ಮಾತಿಗೆ ಬರುವೆವು. 2024ನೆಯ ಡಿಸೆಂಬರ 10ರಂದು ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಕಡಲ ಪಾಲಾದರು. ಕೋಲಾರವೂ ನಮ್ಮಂತೆಯೇ ಕಡಲಿಲ್ಲದ ಸೀಮೆ. ಆ ತಾಯಿತಂದೆಗಳ ದುಃಖವನ್ನು ನೆನೆದರೆ, ತಿಳಿದ ಮಾತನ್ನು ಹೇಳದಿರುವದು ಪಾಪವೆನಿಸುವದು.

ನಮ್ಮ ಹುಡುಗರು ಹೊಳೆಯಲ್ಲಿಯೂ ಭಾವಿಯಲ್ಲಿಯೂ ಈಸು ಕಲಿತವರು. ಅದರಿಂದಲೇ ಅವರಿಗೆ ಕಡಲಿನ ಅಂಜಿಕೆ ಸಾಲದು. ಹೊಳೆಯ ಸೆಳವು ಕಣ್ಣಿಗೆ ಕಾಣುವದು, ಒಂದೇ ದಿಕ್ಕಿಗೆ ಎಳೆಯುವದು. ಕಡಲಿನ ಸೆಳವು ಹಾಗಲ್ಲ. ತೆರೆಗಳು ದಂಡೆಗೆ ತಂದೊಗೆದ ನೀರು ಮರಳಿ ಕಡಲಿಗೆ ಹೋಗಲೇಬೇಕಷ್ಟೆ. ಅದು ಎಲ್ಲೆಡೆ ಸಮನಾಗಿ ಹೋಗದೆ, ಮರಳ ದಿನ್ನೆಗಳ ನಡುವಿನ ತಗ್ಗನ್ನೋ ಬಂಡೆಯ ಮಗ್ಗುಲನ್ನೋ ಹಿಡಿದು, ಕಾಲುವೆಯಂತೆ ಒಂದೆಡೆ ಕೂಡಿ ರಭಸದಿಂದ ಹೊರಕ್ಕೆ ಹರಿಯುವದು. ಅಲ್ಲಿ ನೀರು ಆಳವಾಗಿರುವದರಿಂದ ತೆರೆಗಳು ಹೆಚ್ಚಾಗಿ ಒಡೆಯವು, ನೊರೆ ಕಡಿಮೆ. ಅರಿಯದವರಿಗೆ ಅದೇ ಶಾಂತವಾದ ಜಾಗವೆಂದು ತೋರುವದು. ಮಕ್ಕಳನ್ನು ತಾಯಂದಿರು ನಂಬಿ ಬಿಡುವದೂ ಅಲ್ಲಿಯೇ!

ಆ ಸೆಳವಿನಲ್ಲಿ ಸಿಕ್ಕವನು ದಂಡೆಯತ್ತ ಮುಖಮಾಡಿ ನೀರಿಗೆ ಎದುರಾಗಿ ಈಸತೊಡಗಿದರೆ, ಎಂಥ ಬಲಶಾಲಿಯಾದರೂ ದಣಿಯುವನು. ಇಲ್ಲಿಯೇ ಹೊಳೆಯವರ ಅರಿವು ಉಪಯೋಗಕ್ಕೆ ಬರುವದು. ಮಳೆಗಾಲದ ಮಲಪ್ರಭೆಯನ್ನು ದಾಟುವ ಈಸುಗಾರನು ಸೆಳವಿಗೆ ಎದುರಾಗಿ ಹೋಗುವನೇ? ಇಲ್ಲ, ಅದಕ್ಕೆ ಅಡ್ಡಲಾಗಿ ಓರೆಯಾಗಿ ಈಸಿ, ಎಷ್ಟೋ ಕೆಳಗೆ ದಂಡೆ ಹತ್ತುವನು. ಕಡಲಿನಲ್ಲಿಯೂ ಹಾಗೆಯೇ. ಈ ಸೆಳವು ಹೊರಕ್ಕೆ ಒಯ್ಯುವದೇ ಹೊರತು ಕೆಳಕ್ಕೆ ಮುಳುಗಿಸುವದಲ್ಲ. ಅದರ ಅಗಲವೂ ಬಹಳವಿರುವದಿಲ್ಲ. ಆದುದರಿಂದ ಗಾಬರಿಯಾಗದೆ, ದಂಡೆಗೆ ಸಮಾಂತರವಾಗಿ ಈಸಿ, ಸೆಳವಿನಿಂದ ಪಕ್ಕಕ್ಕೆ ಸರಿದು, ಅನಂತರ ತೆರೆಗಳೊಡನೆ ದಂಡೆಗೆ ಬರಬೇಕು. ಕೈಲಾಗದಿದ್ದರೆ ಮೇಲೆ ತೇಲುತ್ತ, ಕೈಯೆತ್ತಿ ಕೂಗಬೇಕು. ದಂಡೆಯಲ್ಲಿದ್ದವರು ಬರಿಗೈಯಿಂದ ಹಿಂದೆ ಹಾರಲಾಗದು. ಒಬ್ಬನನ್ನುಳಿಸಹೋಗಿ ಇಬ್ಬರು ಮೂವರು ಹೋಗುವದು ಹೀಗೆಯೇ. ಹಗ್ಗವನ್ನೋ ಬಾಯಿ ಮುಚ್ಚಿದ ಖಾಲಿ ಡಬ್ಬಿಯನ್ನೋ ಎಸೆದು, ಜೀವರಕ್ಷಕರನ್ನೂ ಮೀನುಗಾರರನ್ನೂ ಕೂಗಿ ಕರೆಯಬೇಕು.

ಉಬ್ಬರವಿಳಿತಗಳ ಲೆಕ್ಕವೂ ತಿಳಿದಿರಲಿ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ತಾಸು. ದಿನದಿನಕ್ಕೆ ಹೊತ್ತು ಸುಮಾರು 50 ನಿಮಿಷ ಹಿಂದೆ ಬೀಳುವದು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಏರಿಳಿತವು ಹೆಚ್ಚು. ಓಂ ದಂಡೆಯಂಥಲ್ಲಿ ಇಳಿತದ ಹೊತ್ತಿಗೆ ಒಣಗಿದ್ದ ಬಂಡೆಯ ಮೇಲೆ ಹೋಗಿ ಕುಳಿತವರು, ಉಬ್ಬರ ಬಂದಾಗ ನಾಲ್ಕೂ ಕಡೆ ನೀರಿನ ನಡುವೆ ಸಿಕ್ಕಿಕೊಳ್ಳುವ ಭಯವಿದೆ. ಪಂಚಾಂಗವು ಮನೆಮನೆಯಲ್ಲಿಯೂ ಉಂಟು. ಹೊರಡುವ ಮುನ್ನ ತಿಥಿಯನ್ನು ಈ ಕಾರಣಕ್ಕಾಗಿಯೂ ನೋಡಬಹುದು.

ಎಲ್ಲಕ್ಕೂ ಮಿಗಿಲಾದ ಪ್ರಮಾಣವೆಂದರೆ ಅಲ್ಲಿಯ ಮೀನುಗಾರರ ಮಾತು. ನೂರಾರು ಜನ ಕೂಡಿ ದಂಡೆಯಿಂದಲೇ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ 1970ರ ದಶಕದಿಂದ ಯಂತ್ರದೋಣಿಗಳ ಮುಂದೆ ಹಿಂದೆಬಿದ್ದರೂ, ನೀರಿನ ಬಣ್ಣದಿಂದ ಅದರ ಮನಸ್ಸನ್ನು ತಿಳಿಯುವ ಕಣ್ಣು ಅವರಲ್ಲಿ ಇನ್ನೂ ಉಂಟು. ಅವರೇ ಮಳೆಗಾಲದಲ್ಲಿ ಯಂತ್ರದೋಣಿಗಳನ್ನು ದಡಕ್ಕೆಳೆದಿಡುವಾಗ ನಾವು ನೀರಿಗಿಳಿಯುವದು ಸಲ್ಲದು. “ಇಲ್ಲಿ ಇಳಿಯಬಹುದೇ, ಅಣ್ಣಾ?” ಎಂದು ಒಂದು ಮಾತು ಕೇಳಿದರೆ ನಮ್ಮ ಗೌರವವೇನೂ ಕಡಿಮೆಯಾಗದು. ಅವರು ಬೇಡವೆಂದಲ್ಲಿ ಮಕ್ಕಳು ಎಷ್ಟು ಹಟಮಾಡಿದರೂ ಇಳಿಸಬಾರದು. ಕೆಂಪು ಬಾವುಟವಿದ್ದಲ್ಲಿ ಕಾಲಿಡಲೇಬಾರದು.

ಬುತ್ತಿ ಬಿಚ್ಚಿದಲ್ಲಿ ಕಾಗದ ಪ್ಲಾಸ್ಟಿಕ್ಕುಗಳನ್ನು ಬಿಟ್ಟುಬರದೆ ಕಟ್ಟಿಕೊಂಡು ಬರುವದು, ಹಿರಿಯರೊಬ್ಬರು ನೀರಿಗಿಳಿಯದೆ ದಂಡೆಯಲ್ಲಿ ನಿಂತು ಮಕ್ಕಳ ತಲೆಗಳನ್ನು ಎಣಿಸುತ್ತಿರುವದು, ಇವೆರಡೂ ಸಣ್ಣ ಕೆಲಸಗಳೇ. ಆದರೆ ಹೋದ ಮನೆಮಂದಿಯೆಲ್ಲ ನಗುನಗುತ್ತ ಘಟ್ಟ ಹತ್ತಿ ಮರಳಿದರೇನೇ ಯಾತ್ರೆಯ ಫಲ ಪೂರ್ಣವಾಗುವದೆಂದು ನಾವು ತಿಳಿದಿರುವೆವು.