ಕಮಲಾಪುರದ ಸಿಪ್ಪೆ, ಶಹಾಬಾದಿನ ಕಲ್ಲು

ಕಲಬುರಗಿಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಬೋರ್‌ವೆಲ್ ಕಂಡರೆ 'ಈ ನೀರಾಗ ಬ್ಯಾಳಿ ಕುದಿತದೇನ್ರಿ?' ಎಂದು ಕೇಳುವುದುಂಟು. ತೊಗರಿಯ ಕಣಜದಲ್ಲಿ ನೀರಿನ ಗಡಸು ತಿಳಿಯಲು ಇದಕ್ಕಿಂತ ಅಗ್ಗದ ಪ್ರಯೋಗಾಲಯ ಬೇಕಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಬೇಳೆಯ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕರಗುವುದಿಲ್ಲ.

ಅಡುಗೆಮನೆಯಲ್ಲಿ ಬೇಳೆಯನ್ನು ಹಿಡಿದ ಕ್ಯಾಲ್ಸಿಯಂ ಬಚ್ಚಲಲ್ಲಿ ಸೋಪನ್ನು ಹಿಡಿಯುತ್ತದೆ. ಪರಿಸರಸ್ನೇಹಿ ಸ್ವಚ್ಛತೆ ಎಂದ ಕೂಡಲೇ ನಿಂಬೆಹುಳಿ, ವಿನೆಗರ್, ಅಡುಗೆ ಸೋಡಾ ಎಂಬ ಪಟ್ಟಿಯನ್ನು ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಓದಿ ಹೇಳುತ್ತಾರೆ. ನಿಮ್ಮೂರ ನೀರು ಎಂಥದು, ನಿಮ್ಮನೆಯ ನೆಲ ಯಾವ ಕಲ್ಲಿನದು ಎಂದು ಆ ಪಟ್ಟಿ ಕೇಳುವುದಿಲ್ಲ. ಕಲಬುರಗಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಗಳೇ ಇವು.

ಈ ಜಿಲ್ಲೆಯ ಉತ್ತರಕ್ಕೆ, ಕಮಲಾಪುರದ ಕಡೆ, ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಹೊದಿಕೆಯಿದೆ. ದಕ್ಷಿಣಕ್ಕೆ ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಹಾಸುಹಾಸಾಗಿ ಏಳುವ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣ ಅದು. ಸಿಮೆಂಟ್ ಕಾರ್ಖಾನೆಗಳು ಅದನ್ನೇ ಸುಡುತ್ತವೆ, ನಮ್ಮ ಮನೆಗಳು ಅದನ್ನೇ ಶಹಾಬಾದಿ ಪರ್ಸಿ ಎಂದು ನೆಲಕ್ಕೆ ಹಾಸುತ್ತವೆ. ಬಸಾಲ್ಟಾಗಲಿ ಸುಣ್ಣಕಲ್ಲಾಗಲಿ, ಅದರ ಸಂದಿಗಳಲ್ಲಿ ಇಳಿದು ಬಂದ ನೀರು ಕ್ಯಾಲ್ಸಿಯಂ ಹೊತ್ತೇ ಬರುತ್ತದೆ. ಬೇಸಿಗೆಯಲ್ಲಿ ಬಕೀಟಿನ ಅಂಚಿಗೆ ಕಟ್ಟುವ ಬಿಳಿ ಪಟ್ಟಿ ಅದರದೇ ಗುರುತು.

ಇದರ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. 600ರ ಗಡಸಿನ ನೀರನ್ನು 20 ಲೀಟರ್ ಬಕೀಟಿನಲ್ಲಿ ತುಂಬಿ ಸಾಬೂನು ಉಜ್ಜಿದರೆ, ಸುಮಾರು 70 ಗ್ರಾಂ ಸಾಬೂನು ಕ್ಯಾಲ್ಸಿಯಂ ಜತೆ ಸೇರಿ ಬೂದುಬಣ್ಣದ ಗಸಿಯಾಗಿ ಹೋಗುತ್ತದೆ. ನೊರೆ ಏಳುವುದು, ಕೊಳೆ ಬಿಡುವುದು ಆಮೇಲಿನ ಮಾತು. ಡಿಟರ್ಜೆಂಟ್ ಪುಡಿ ಗೆದ್ದದ್ದು ಇಲ್ಲಿಯೇ. ಅದು ಕ್ಯಾಲ್ಸಿಯಂ ಜತೆ ಅಷ್ಟು ಸುಲಭವಾಗಿ ಗಸಿ ಕಟ್ಟುವುದಿಲ್ಲ. 'ಡಿಟರ್ಜೆಂಟ್ ಬಿಡಿ, ಸಾಬೂನಿಗೆ ಮರಳಿ' ಎಂಬ ಸಲಹೆ ಮೆದು ನೀರಿನ ಮಲೆನಾಡಿಗೆ ಸರಿ. ಇಲ್ಲಿ ಅದನ್ನು ಕುರುಡಾಗಿ ಪಾಲಿಸಿದರೆ ಚರಂಡಿಗೆ ಹೋಗುವ ಸಾಬೂನೇ ಹೆಚ್ಚಾದೀತು.

ಹಾಗಾದರೆ ಮೊದಲು ನೀರನ್ನು ಮೆದು ಮಾಡಬೇಕು. ಅದೇ ಬಕೀಟಿಗೆ ಲೆಕ್ಕದ ಪ್ರಕಾರ 13 ಗ್ರಾಂ ಬಟ್ಟೆ ಸೋಡಾ ಪುಡಿ ಸಾಕು; ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯಲ್ಲಿ ಒಗೆಯಬಹುದು. ಮಳೆನೀರಿಗಾದರೆ ಅದೂ ಬೇಡ. 100 ಚದರ ಮೀಟರಿನ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಹಿಡಿದಿಡಲು ಡ್ರಮ್ ಇದ್ದವರಿಗೆ ಇದಕ್ಕಿಂತ ಹಸಿರು ಸಾಮಾನು ಅಂಗಡಿಯಲ್ಲಿ ಸಿಗದು.

ಇನ್ನು ನೆಲದ ಮಾತು; ಅದು ಶುರುವಾಗುವುದು ಬಾಳೆಯ ಸಿಪ್ಪೆಯಿಂದ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ದಪ್ಪ ಸಿಪ್ಪೆ, ಬೆಲೆಯೂ ದಪ್ಪ. ಅಷ್ಟು ಕೊಟ್ಟು ತಂದ ಮೇಲೆ ಸಿಪ್ಪೆ ಎಸೆಯಲು ಯಾರಿಗೂ ಮನಸ್ಸಾಗದು. ಈಗ ಚಾಲ್ತಿಯಲ್ಲಿರುವ ಉಪಾಯವೆಂದರೆ 'ಬಯೋ ಎಂಜೈಮ್'. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಡಬ್ಬಿಯಲ್ಲಿ. ಹೆಸರು ದೊಡ್ಡದು, ಒಳಗಿರುವುದು ಹೆಚ್ಚಾಗಿ ತೆಳು ವಿನೆಗರ್. ಬೆಲ್ಲವನ್ನು ಯೀಸ್ಟ್ ಮದ್ಯ ಮಾಡುತ್ತದೆ, ಮದ್ಯವನ್ನು ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ. ಕೊಳೆ ತೆಗೆಯುವ ಕೆಲಸ ಬಹುಪಾಲು ಆ ಹುಳಿಯದೇ.

ಆ ಹುಳಿಯನ್ನು ಪರ್ಸಿಗೆ ಸುರಿದರೆ? ಮನೆಯ ಹಿತ್ತಲಲ್ಲಿ ಬಿದ್ದಿರುವ ಪರ್ಸಿ ಚೂರಿನ ಮೇಲೆ ನಾಲ್ಕು ಹನಿ ನಿಂಬೆಹುಳಿ ಹಿಂಡಿ, ಕಿವಿ ಹತ್ತಿರ ಇಡಿ. ಸಣ್ಣಗೆ ಸುರುಸುರು ಸದ್ದು, ಗುಳ್ಳೆ. ಹೊರಬರುತ್ತಿರುವುದು ಇಂಗಾಲದ ಡೈಆಕ್ಸೈಡ್, ಕರಗುತ್ತಿರುವುದು ನಿಮ್ಮ ನೆಲ. ಒರೆಸಿದ ಮೇಲೆ ಅಲ್ಲಿ ಮಂಕು ಕಲೆ ಉಳಿಯುತ್ತದೆ. ನುಣುಪು ಹೋದ ಆ ಜಾಗದಲ್ಲಿ ಮರುದಿನದಿಂದ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಕೂತ ಕೊಳೆಗೆ ಮತ್ತೆ ಹುಳಿ. ಬಚ್ಚಲಿನ ಪರ್ಸಿಗೆ ಟಾಯ್ಲೆಟ್ ಕ್ಲೀನರ್ ಸುರಿಯುವವರ ಕಥೆ ಇನ್ನೂ ಜೋರು. ಶೇ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲವಿರುವ ಅರ್ಧ ಲೀಟರ್ ಬಾಟಲಿ ಸುಮಾರು 70 ಗ್ರಾಂ ಸುಣ್ಣಕಲ್ಲನ್ನು ತಿಂದುಹಾಕಬಲ್ಲದು. ನೈಸರ್ಗಿಕವೋ ಕೃತಕವೋ ಎಂಬುದು ಕಲ್ಲಿಗೆ ಗೊತ್ತಾಗುವುದಿಲ್ಲ, ಹುಳಿ ಎಂದಷ್ಟೇ ಗೊತ್ತಾಗುತ್ತದೆ.

ಹಾಗೆಂದು ಮೂರು ತಿಂಗಳು ಕಾದ ಡಬ್ಬಿಯನ್ನು ಚೆಲ್ಲಬೇಕಿಲ್ಲ. ನಲ್ಲಿಯ ಬಾಯಿಗೆ, ಪಿಂಗಾಣಿ ಕಮೋಡಿಗೆ, ಗೀಸರಿನ ಬಕೀಟಿಗೆ ಕಟ್ಟಿದ ಬಿಳಿ ಹೊಪ್ಪಳೆ ಇದೆಯಲ್ಲ, ಅದೂ ಸುಣ್ಣವೇ. ಕಲ್ಲು ತಿನ್ನುವ ಹುಳಿಗೆ ಅಲ್ಲಿ ಕೆಲಸ ಕೊಡಿ, ರಾತ್ರಿಯಿಡೀ ನೆನೆಯಲಿ. ಅವಸರಕ್ಕೆ ಬ್ಲೀಚಿಂಗ್ ಪುಡಿಯನ್ನೂ ಜತೆಗೆ ಹಾಕುವ ಅಭ್ಯಾಸ ಮಾತ್ರ ಬೇಡವೇ ಬೇಡ. ಹುಳಿ ಮತ್ತು ಬ್ಲೀಚಿಂಗ್ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ನೊರೆ ನೋಡಿ ಹಿಗ್ಗುವವರಿಗೂ ಒಂದು ಮಾತು: ಅಲ್ಲಿ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಬರೀ ಉಪ್ಪುನೀರು. ಅಪಾಯವಿಲ್ಲ, ಉಪಯೋಗವೂ ಇಲ್ಲ.

ಪರ್ಸಿಗೆ ಹಿತವಾದದ್ದು ಕ್ಷಾರ. ಸೋಜಿಗವೆಂದರೆ ಅದೂ ಅದೇ ಬಾಳೆಯಲ್ಲಿದೆ. ಕೊಳೆಸಿದರೆ ಹುಳಿಯಾಗುವ ಸಿಪ್ಪೆಯನ್ನು ಒಣಗಿಸಿ ಸುಟ್ಟರೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಅಸ್ಸಾಮಿನವರು ಬಾಳೆಯ ಬೂದಿಗೆ ನೀರು ಹನಿಸಿ ತೆಗೆಯುವ ತಿಳಿಯನ್ನು ಖಾರ್ ಎಂದು ಕರೆಯುತ್ತಾರೆ, ಅಡುಗೆಗೂ ಬಳಸುತ್ತಾರೆ. ಪಶ್ಚಿಮ ಆಫ್ರಿಕದ ಕಪ್ಪು ಸಾಬೂನಿಗೂ ಬಾಳೆಸಿಪ್ಪೆಯ ಬೂದಿ ಬಳಸುವುದುಂಟು. ನಮ್ಮಲ್ಲಿ ತೊಗರಿ ಕಟ್ಟಿಗೆ, ಕುಳ್ಳು ಉರಿಸಿದ ಒಲೆಯ ಬೂದಿಯಿಂದ ಮುಸುರೆ ತಿಕ್ಕುತ್ತಿದ್ದುದೂ ಇದೇ ರಸಾಯನಶಾಸ್ತ್ರ: ಕ್ಷಾರ ಜಿಡ್ಡಿನ ಒಂದು ಪಾಲನ್ನು ಸಾಬೂನಾಗಿಸುತ್ತದೆ, ಬೂದಿಯ ಕಣ ಉಳಿದದ್ದನ್ನು ಕೆರೆಯುತ್ತದೆ. ನೆಲಕ್ಕೆ ಮಾತ್ರ ಬೂದಿಯ ಪುಡಿ ಬೇಡ; ಅದರಲ್ಲಿನ ಮರಳಿನಂಥ ಸಿಲಿಕ ಪರ್ಸಿಗೆ ಗೀರು ಹಾಕುತ್ತದೆ. ಸೋಸಿದ ತಿಳಿ ಸಾಕು. ಅಲ್ಯೂಮಿನಿಯಂ ಪಾತ್ರೆಯಿಂದ ದೂರ ಇಡಬೇಕು, ಕೈಗೂ ಉರಿಯುತ್ತದೆ.

ಬೂದಿಯಂತೆಯೇ ಹಳೆಯ ಇನ್ನೊಂದು ಸಾಮಾನು ಅಂಟುವಾಳ; ನಮ್ಮಲ್ಲಿ ಅದಕ್ಕೆ ಹಿಂದಿಯ ರೀಠಾ ಎಂಬ ಹೆಸರೂ ಓಡಾಡುತ್ತದೆ. ಅದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಅಣುವಿನ ಒಂದು ತುದಿಗೆ ಜಿಡ್ಡು ಇಷ್ಟ, ಸಕ್ಕರೆ ಅಂಟಿರುವ ಇನ್ನೊಂದು ತುದಿಗೆ ನೀರು ಇಷ್ಟ. ರೇಷ್ಮೆ ಸೀರೆಗೂ ಅಕ್ಕಸಾಲಿಗರ ಒಡವೆಗೂ ಅದರೊಂದಿಗೆ ಹಳೆಯ ನಂಟು. ಆದರೆ ನೈಸರ್ಗಿಕ ಎಂದರೆ ನಿರಪಾಯ ಎನ್ನುವವರು ಒಂದನ್ನು ಮರೆಯುತ್ತಾರೆ. ಸ್ಯಾಪೊನಿನ್ ಮೀನಿನ ಕಿವಿರಿಗೆ ವಿಷ. ಅಂಟುವಾಳ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿಯೂ ಇತ್ತು. ಬೇಗ ಕೊಳೆತುಹೋಗುತ್ತದೆ ಎಂಬುದೇ ಅದರ ಪುಣ್ಯ.

ಬೇಗ ಕೊಳೆಯುವುದು ಎಂಬ ಮಾತು ಡಿಟರ್ಜೆಂಟ್ ಪೊಟ್ಟಣಗಳ ಮೇಲೂ ಹಸಿರು ಅಕ್ಷರದಲ್ಲಿರುತ್ತದೆ. ಅರ್ಧ ಸತ್ಯ. ಇಂದಿನ ಪುಡಿಗಳಲ್ಲಿ ಹೆಚ್ಚಾಗಿರುವ ನೊರೆಕಾರಕವನ್ನು ಬ್ಯಾಕ್ಟೀರಿಯಾಗಳು ಗಾಳಿ ಆಡುವ ನೀರಿನಲ್ಲಿ ಚೆನ್ನಾಗಿ ತಿನ್ನುತ್ತವೆ. ಕಪ್ಪುಗಟ್ಟಿ ನಿಂತ, ಆಮ್ಲಜನಕವಿಲ್ಲದ ಮೋರಿಯಲ್ಲಿ ಅವುಗಳ ಕೈ ಸಾಗದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಂದ್ರ ಸರ್ಕಾರ 1991ರಲ್ಲಿ ಇಕೋಮಾರ್ಕ್ ಯೋಜನೆ ತಂದಾಗ ಮಣ್ಣಿನ ಗಡಿಗೆಯನ್ನು ಗುರುತಾಗಿ ಆರಿಸಿತ್ತು. 2024ರಲ್ಲಿ ಅದಕ್ಕೆ ಹೊಸ ನಿಯಮಗಳೂ, ಸುಳ್ಳು ಹಸಿರು ಜಾಹೀರಾತುಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿಯೂ ಬಂದವು. ಆ ಗಡಿಗೆ ಇರುವ ಪೊಟ್ಟಣ ನಮ್ಮ ಕಿರಾಣಿ ಅಂಗಡಿಗಳಲ್ಲಿ ಅಪರೂಪ. ಎಲೆಯ ಚಿತ್ರ ಮಾತ್ರ ಎಲ್ಲದರ ಮೇಲೂ ಇದೆ. ನಾನಾದರೆ ಎಲೆ ನೋಡುವುದಿಲ್ಲ; ಫಾಸ್ಫೇಟ್ ಇಲ್ಲದ್ದನ್ನು ಹುಡುಕುತ್ತೇನೆ, ಆಮೇಲೆ ಅಳತೆ ಚಮಚ ಅರ್ಧ ಮಾಡುತ್ತೇನೆ.

ಕೊನೆಗೆ ಒಗೆದ, ಒರೆಸಿದ ಬಕೀಟಿನ ನೀರನ್ನು ಎಲ್ಲಿಗೆ ಸುರಿಯುತ್ತೀರಿ ಎಂಬುದೂ ಉಂಟು. ಚರಂಡಿಗೆ ಬಿಟ್ಟದ್ದು ಹಳ್ಳ ಹಿಡಿದು ಕೊನೆಗೆ ಭೀಮೆಯ ದಾರಿಗೆ ಬೀಳುತ್ತದೆ. ಹಿತ್ತಲಿಗೆ ಬಿಟ್ಟರೆ ಎರೆಮಣ್ಣಿನ ತಕರಾರು ಬೇರೆಯೇ. ಸೋಡಾದಲ್ಲಿರುವ ಸೋಡಿಯಂ ಆ ಮಣ್ಣಿನ ಜೇಡಿಕಣಗಳನ್ನು ಬಿಡಿಬಿಡಿ ಮಾಡಿ ರಂಧ್ರ ಮುಚ್ಚುತ್ತದೆ. ವರ್ಷಗಟ್ಟಲೆ ಸುರಿದರೆ ನೀರು ಇಳಿಯದ ಚೌಳು ನೆಲವಾಗುತ್ತದೆ. ಬೂದಿ ತಿಳಿಯಲ್ಲಿರುವುದು ಪೊಟ್ಯಾಸಿಯಂ, ಬಾಳೆ ಎಲ್ಲಕ್ಕಿಂತ ಹೆಚ್ಚು ಬೇಡುವ ಗೊಬ್ಬರ. ನೆಲ ಒರೆಸಿದ ಆ ನೀರನ್ನು ಇನ್ನಷ್ಟು ನೀರು ಬೆರೆಸಿ ಬಾಳೆಯ ಬುಡಕ್ಕೇ ಚೆಲ್ಲಬಹುದು.